ಹನಸೋಗೆಯ ಬಳಿಯೂ ಪರಮಾಣುವೆಂಬ ಶಬ್ದವೂ

ಲಕ್ಷ್ಮಣತೀರ್ಥದ ದಡದ ಹನಗೋಡು, ಹುಣಸೂರು, ಪಿರಿಯಾಪಟ್ಟಣ, ಕಾವೇರೀತೀರದ ಕೃಷ್ಣರಾಜನಗರ ಈ ಸೀಮೆಗಳು ಹಿಂದೆ ಚಂಗಾಳ್ವರ ನಾಡಿಗೆ ಸೇರಿದ್ದುವೆಂಬುದು ಶಾಸನಪರಿಚಯವುಳ್ಳವರಿಗೆ ವಿದಿತವೇ ಆಗಿದೆ. ಈ ನಾಡಿನಲ್ಲಿ ಸಾಲಿಗ್ರಾಮದ ಸಮೀಪದಲ್ಲಿರುವ ಚಿಕ್ಕ ಹನಸೋಗೆಯು ಒಂದು ಕಾಲಕ್ಕೆ ಜೈನರ ಮಹಾಕ್ಷೇತ್ರವಾಗಿದ್ದಿತು. (ಹೆಸರು ಹೋಲುವುದೆಂದು ಹನಗೋಡನ್ನೂ ಹನಸೋಗೆಯನ್ನೂ ಒಂದೇ ಊರೆಂದು ಭಾವಿಸಬಾರದು.) ರೈಸ್ ಸಾಹೇಬರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 4ನೆಯ ಸಂಪುಟದಲ್ಲಿ, ಯಡತೊರೆ ತಾಲ್ಲೂಕಿನ ಶಾಸನಗಳ ನಡುವೆ, ಇಲ್ಲಿಯ ಬರೆಹಗಳಿವೆ. ಅವುಗಳಲ್ಲಿ 64 ಬಸದಿಗಳ ಐತಿಹ್ಯವೂ, 11ನೆಯ ಶತಮಾನದ ರಾಜೇಂದ್ರಚೋಳ ನನ್ನಿ ಚಂಗಾಳ್ವನು ಬಸದಿಯನ್ನು ಕಟ್ಟಿಸಿದ ಸಂಗತಿಯೂ ದೊರೆಯುತ್ತವೆ. ಮೂಲಸಂಘ, ದೇಸಿಗಣ, ಪುಸ್ತಕಗಚ್ಛದ ಯತಿಗಳ ಒಂದು ಶಾಖೆಗೆ ಹನಸೋಗೆಯ ಬಳಿಯೆಂದೇ ಹೆಸರಾಯಿತು. 1432ರಲ್ಲಿ ಕಾರ್ಕಳದ ಗೊಮ್ಮಟನ ಪ್ರತಿಷ್ಠೆಗೆ ಪ್ರೇರಕರಾದ ಲಲಿತಕೀರ್ತಿಗಳೂ ಈ ಬಳಿಯವರೇ.

ಈ ಶಾಸನಗಳು ಹೇಳುವುದು ದಾನವನ್ನು, ಗುರುಪರಂಪರೆಯನ್ನು, ದ್ರವ್ಯವಿಚಾರವನ್ನಲ್ಲ. ಆದರೆ ಈ ಯತಿಗಳು ತಮ್ಮನ್ನು ಕೊಂಡಕುಂದಾನ್ವಯದವರೆಂದು ಕರೆದುಕೊಂಡಿದ್ದಾರೆ. ಕೊಂಡಕುಂದಾಚಾರ್ಯರ ಪಂಚಾಸ್ತಿಕಾಯ, ನಿಯಮಸಾರಗಳಲ್ಲಿಯೂ ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದಲ್ಲಿಯೂ ಪರಮಾಣುವಿನ ವಿವೇಚನೆ ವಿಸ್ತಾರವಾಗಿದೆ. ತತ್ತ್ವಾರ್ಥಸೂತ್ರಕ್ಕೆ 11ನೆಯ ಶತಮಾನದಲ್ಲಿ ದಿವಾಕರನಂದಿಯೂ, ಕೊಂಡಕುಂದರ ಗ್ರಂಥಗಳಿಗೆ ಅನಂತರದ ಶತಮಾನದಲ್ಲಿ ಅಧ್ಯಾತ್ಮಿ ಬಾಲಚಂದ್ರನೂ ಕನ್ನಡದಲ್ಲಿ ವೃತ್ತಿಗಳನ್ನು ರಚಿಸಿದರು. ಆದುದರಿಂದ ಜಡವಸ್ತುವಿನ ಮೂಲವನ್ನು ಕುರಿತ ಗದ್ಯವು ಕನ್ನಡಕ್ಕೆ ಇಂಗ್ಲಿಷ್ ಶಾಲೆಗಳೊಡನೆ ಬಂದಿತೆಂಬ ಮಾತು ನಿಲ್ಲತಕ್ಕುದಲ್ಲ.

ಆ ಮತದ ಸ್ವರೂಪವನ್ನು ನೋಡೋಣ. ಜಡದ್ರವ್ಯಕ್ಕೆ ಪುದ್ಗಲವೆಂದು ಹೆಸರು. ಅದು ಅಣು, ಸ್ಕಂಧವೆಂದು ಎರಡು ಬಗೆ. ಇಲ್ಲಿ ಅಣುವೆಂದರೂ ಪರಮಾಣುವೆಂದರೂ ಒಂದೇ: ಇನ್ನು ಭಾಗಿಸಲಾಗದ ಕೊನೆಯ ತುಣುಕು. ಅದಕ್ಕೆ ಒಂದು ವರ್ಣ, ಒಂದು ರಸ, ಒಂದು ಗಂಧ, ಎರಡು ಸ್ಪರ್ಶ. ಅಣುಗಳು ಕೂಡಿದರೆ ಸ್ಕಂಧ. ಕೂಡುವುದಕ್ಕೆ ಕಾರಣ ಸ್ನಿಗ್ಧ, ರೂಕ್ಷಗಳೆಂಬ ಗುಣಗಳು, ಎಂದರೆ ಜಿಡ್ಡು ಮತ್ತು ಒರಟುತನ. ಗುಣದ ಅಂಶ ಅತ್ಯಂತ ಕಡಿಮೆಯಾಗಿದ್ದರೆ ಬಂಧವಿಲ್ಲ, ಒಂದರಲ್ಲಿ 2 ಅಂಶ ಹೆಚ್ಚಾಗಿದ್ದರೆ ಬಂಧವುಂಟು. ಸ್ಕಂಧಗಳಲ್ಲಿ, ಒಡೆದರೆ ತಾನಾಗಿ ಕೂಡದ ಕಲ್ಲು ಮರಗಳು ಒಂದು ವರ್ಗ, ಬೇರ್ಪಡಿಸಿದರೂ ಮತ್ತೆ ಕೂಡುವ ನೀರು ಎಣ್ಣೆ ತುಪ್ಪಗಳು ಇನ್ನೊಂದು. ಶಬ್ದವು ಸ್ಕಂಧಗಳ ಸಂಘಟ್ಟನೆಯಿಂದ ಹುಟ್ಟತಕ್ಕುದು. ಒಂಟಿ ಪರಮಾಣುವಿಗೆ ಶಬ್ದವಿಲ್ಲ. ವೈಶೇಷಿಕರು ಪೃಥಿವಿ, ಅಪ್ಪು, ತೇಜಸ್ಸು, ವಾಯುಗಳಿಗೆ ಬೇರೆ ಬೇರೆ ಜಾತಿಯ ಪರಮಾಣುಗಳನ್ನು ಒಪ್ಪಿದರೆ, ಜೈನರಿಗೆ ಪರಮಾಣುಗಳಲ್ಲಿ ಜಾತಿಭೇದವಿಲ್ಲ.

ಇಷ್ಟನ್ನು ಓದಿದೊಡನೆ ಆಧುನಿಕ ವಿಜ್ಞಾನವೆಲ್ಲ ನಮ್ಮಲ್ಲಿ ಮೊದಲೇ ಇದ್ದಿತೆಂದು ಸಾರುವವರುಂಟು. ಅದು ಸರಿಯಲ್ಲ. ಈ ಮತವು ತರ್ಕದಿಂದ ಸಿದ್ಧವಾದುದು, ತಕ್ಕಡಿಯಿಂದಲ್ಲ. ಕರ್ಮವೂ ಇಲ್ಲಿ ಸೂಕ್ಷ್ಮಪುದ್ಗಲವೇ. ಡಾಲ್ಟನ್ ಪಂಡಿತನು 19ನೆಯ ಶತಮಾನದ ಆರಂಭದಲ್ಲಿ ಹೇಳಿದ ಪರಮಾಣುವು ತೂಕದ ಲೆಕ್ಕದಿಂದ ಹುಟ್ಟಿದುದು. ಅದೂ ಅವಿಭಾಜ್ಯವಾಗಿ ಉಳಿಯಲಿಲ್ಲ: 1897ರಲ್ಲಿ ಥಾಮ್ಸನ್ನನು ಎಲೆಕ್ಟ್ರಾನನ್ನು ಕಂಡನು, 1911ರಲ್ಲಿ ರುದರ್‌ಫೋರ್ಡನು ನಡುವಿನ ಬೀಜವನ್ನು ತೋರಿಸಿದನು, 1932ರಲ್ಲಿ ಚಾಡ್‌ವಿಕ್ಕನು ನ್ಯೂಟ್ರಾನನ್ನು ಕಂಡುಹಿಡಿದನು. ಭಾಗವಿಲ್ಲದುದೆಂಬ ಅರ್ಥದ ಶಬ್ದವು ಭಾಗಗಳುಳ್ಳ ವಸ್ತುವಿಗೆ ಹೆಸರಾಗಿ ನಿಂತಿತು. ಗ್ರೀಕಿನ ಆಟಮ್ ಶಬ್ದಕ್ಕೂ ಇದೇ ಗತಿ.

ಕನ್ನಡದಲ್ಲಿ ಹೊಸ ವಿಜ್ಞಾನಕ್ಕೆ ಮಾತು ಹುಡುಕುವ ಕೆಲಸಕ್ಕೆ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಹೊರಡಿಸಿದ ‘ವಿಜ್ಞಾನ’ ಪತ್ರಿಕೆಯು ಸಂಘಟಿತರೂಪ ಕೊಟ್ಟಿತು. ಪಠ್ಯಪುಸ್ತಕಗಳಲ್ಲಿ ಇಂದು ನೆಲೆನಿಂತಿರುವ ಕ್ರಮದಲ್ಲಿ ಆಟಮ್ಮಿಗೆ ಪರಮಾಣು, ಪರಮಾಣುಗಳ ಕೂಟವಾದ ಮಾಲಿಕ್ಯೂಲಿಗೆ ಅಣು. ಸ್ಕಂಧವೆಂಬ ಒಳ್ಳೆಯ ಶಬ್ದವನ್ನು ಕೈಬಿಟ್ಟುದು ನನಗೆ ನಷ್ಟವೆಂದೇ ತೋರುತ್ತದೆ. ಆದರೆ ರೂಢಿಯನ್ನು ಈಗ ತಿರುಗಿಸಲಾಗದು. ಹಳೆಯ ವೃತ್ತಿಗಳನ್ನು ಪಾಠಹೇಳುವ ಉಪಾಧ್ಯಾಯರು ಮಾತ್ರ ಅಲ್ಲಿಯ ಅಣುವಿಗೆ ಇಂದಿನ ಶಾಲೆಯ ಅರ್ಥವನ್ನು ಹಚ್ಚಿದರೆ ವಾಕ್ಯವೇ ತಲೆಕೆಳಗಾಗುವುದು, ಬಿಡಿಯಾದುದು ಕೂಟವಾಗಿಬಿಡುವುದು.

ವಿಚಿತ್ರವೆಂದರೆ, ಲೋಕರೂಢಿಯು ಪಠ್ಯಪುಸ್ತಕವನ್ನು ಪೂರ್ತಿಯಾಗಿ ಒಪ್ಪಿಲ್ಲ. ಅಣುಬಾಂಬು ಎನ್ನುತ್ತೇವೆ, ಕೈಗಾದ ಅಣುವಿದ್ಯುತ್ ಸ್ಥಾವರ ಎನ್ನುತ್ತೇವೆ. ಎರಡರಲ್ಲಿಯೂ ಒಡೆಯುವುದು ಪರಮಾಣುವಿನ ಬೀಜವೇ ಹೊರತು ಪಠ್ಯಪುಸ್ತಕದ ಅಣುವಲ್ಲ. ಅಣು ಪರಮಾಣುಗಳನ್ನು ಒಂದೇ ಎಂದ ಹಳೆಯ ವೃತ್ತಿಕಾರರ ಪ್ರಯೋಗವು ಜನರ ಬಾಯಲ್ಲಿ ಹೀಗೆ ಉಳಿದಿದೆ.