ಹೊರನಾಡಿನ ವಿದ್ಯೆ, ಊರಿನ ದತ್ತಿ

ನರ್ಸಿಂಗ್ ಕಲಿಯಲು ಹೊರದೇಶಕ್ಕೆ ಹೊರಡುವ ಮಕ್ಕಳ ಬಗ್ಗೆ ನಮ್ಮಲ್ಲಿ ಎರಡು ಮಾತು ಓಡಾಡುತ್ತವೆ. ಇದು ಈಚಿನ ಗೀಳು ಎಂಬುದು ಒಂದು. ಇದರಿಂದ ಊರಿಗೆ ನಷ್ಟ ಎಂಬುದು ಇನ್ನೊಂದು. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಹಲಸಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸತ್ಯ. ಇಂದು ಭೂವರಾಹ ನರಸಿಂಹ ದೇವಾಲಯದಿಂದ ಹೆಸರಾಗಿರುವ ಈ ಊರು ಶಾಸನಗಳ ಪಲಾಶಿಕಾ. ಬನವಾಸಿಯ ಕದಂಬರ ಎರಡನೆಯ ರಾಜಧಾನಿ. ಆ ವಂಶದ ಮೂಲಪುರುಷ ಮಯೂರಶರ್ಮ ಚರಿತ್ರೆಗೆ ಕಾಲಿಟ್ಟದ್ದು ವಿದ್ಯಾರ್ಥಿಯಾಗಿ. ಐದನೆಯ ಶತಮಾನದ ತಾಳಗುಂದ ಸ್ತಂಭಶಾಸನದ ಪ್ರಕಾರ ಅವನು ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋಗಿ ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರ ಸೇರಿದ. ಪಲ್ಲವ ಅಶ್ವಾರೋಹಿಯೊಡನೆ ಜಗಳವಾಗಿ, ಅವಮಾನಗೊಂಡು, ಕತ್ತಿ ಹಿಡಿದ. ಆ ಕಾಲಕ್ಕೆ ಕಂಚಿ ಪರರಾಜ್ಯ. ಪರಸ್ಥಳದಲ್ಲಿ ಓದುವವನಿಗೆ ಎದುರಾಗುವ ಪರಕೀಯತೆಯೂ ತಿರಸ್ಕಾರವೂ ಕನ್ನಡ ನಾಡಿನ ಮೊದಲ ರಾಜವಂಶದ ಹುಟ್ಟಿನ ಕಥೆಯಲ್ಲೇ ಇವೆ.

ಮಯೂರಶರ್ಮ ಮರಳಿದ್ದು ಪಂಡಿತನಾಗಿ ಅಲ್ಲ, ದೊರೆಯಾಗಿ. ಆದ್ದರಿಂದ ವಿದ್ಯೆಯ ಮಾತಿಗೆ ಅವನು ಸಾಕ್ಷಿಯಾಗಲಾರ ಎನ್ನಬಹುದು. ನಿಜವೇ. ಸಾಕ್ಷಿ ಇರುವುದು ಅವನ ವಂಶದವರು ಬರೆಸಿದ ಹಲಸಿಯ ತಾಮ್ರಪಟಗಳಲ್ಲಿ. 19ನೆಯ ಶತಮಾನದಲ್ಲಿ ಶಾಸನತಜ್ಞ ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದ ಈ ಪಟಗಳಲ್ಲಿ ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಜೈನ ಪಂಗಡಗಳಿಗೆ ಬಿಟ್ಟದ್ದು ದಾಖಲಾಗಿದೆ. ಅವನ ಮಗ ರವಿವರ್ಮನ ಕಟ್ಟಳೆ ಇನ್ನೂ ವಿವರವಾದದ್ದು: ಒಂದು ಗ್ರಾಮದ ಹುಟ್ಟುವಳಿಯಿಂದ ಕಾರ್ತಿಕದ ಎಂಟು ದಿನಗಳ ಹಬ್ಬ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಅನ್ನ ಸಲ್ಲಬೇಕು. ಇಲ್ಲಿ ಗಮನಿಸಬೇಕಾದದ್ದು ದಾನದ ಗಾತ್ರಕ್ಕಿಂತ ಅದರ ತಿಳಿವಳಿಕೆ. ಜೈನ ಯತಿ ವರ್ಷದ ಬಹುಪಾಲು ಸಂಚಾರಿ. ಒಂದೆಡೆ ನಿಲ್ಲುವುದು ಮಳೆಗಾಲದಲ್ಲಿ ಮಾತ್ರ. ರವಿವರ್ಮನ ಕಟ್ಟಳೆ ಅವರನ್ನು ಊರಿಗೆ ಕಟ್ಟಿಹಾಕಲು ಹೋಗುವುದಿಲ್ಲ. ನಿಂತಾಗ ಅವರ ಹೊಟ್ಟೆಪಾಡಿಗೆ ಏನು, ಅದು ಯಾವ ಹೊಲದಿಂದ ಬರಬೇಕು ಎಂಬುದನ್ನಷ್ಟೇ ಗೊತ್ತುಮಾಡುತ್ತದೆ. ಓಡಾಡುವ ವಿದ್ಯೆಯನ್ನು ಊರು ತನ್ನದಾಗಿಸಿಕೊಂಡದ್ದು ತಡೆಯಿಂದಲ್ಲ, ದತ್ತಿಯಿಂದ. ಈ ಲೇಖನದ ವಾದ ಇಷ್ಟೇ: ಹೊರಗೆ ಹೋಗಿ ಕಲಿಯುವುದು ಲಾಭವೋ ನಷ್ಟವೋ ಎಂಬುದು ಹೋದವರಿಗಿಂತ ಹೆಚ್ಚಾಗಿ ಊರಿನ ಏರ್ಪಾಟನ್ನು ಅವಲಂಬಿಸಿದೆ.

ಆದರೆ ಘಟಿಕೆಯ ಬಾಗಿಲು ತೆರೆದದ್ದು ಬ್ರಾಹ್ಮಣ ಗಂಡಸರಿಗೆ. ನರ್ಸಿಂಗ್ ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಬಹುದೆ? ಈ ಆಕ್ಷೇಪ ಗಟ್ಟಿಯಾದದ್ದು. ರಕ್ತ, ಮಲಮೂತ್ರ, ಹೆರಿಗೆಯ ಮೈಲಿಗೆಯನ್ನು ಮುಟ್ಟುವ ಕೆಲಸವನ್ನು ಮೇಲುಜಾತಿಗಳು ಶತಮಾನಗಳ ಕಾಲ ಸೂಲಗಿತ್ತಿಯರ ಮೇಲೆ ಹೊರಿಸಿ, ಅವರ ಅರಿವನ್ನು ವಿದ್ಯೆಯೆಂದು ಎಣಿಸಲೇ ಇಲ್ಲ. ಯಾವ ಘಟಿಕೆಯೂ ಅದನ್ನು ಕಲಿಸಲಿಲ್ಲ. ಹಾಗಾಗಿ ಇಲ್ಲಿ ನೇರ ಪರಂಪರೆ ಇಲ್ಲ, ಬಿರುಕು ಇದೆ. ಬದಲಾವಣೆ ಶುರುವಾದದ್ದು 19ನೆಯ ಶತಮಾನದ ಕೊನೆಯಲ್ಲಿ, ಬೆಳಗಾವಿಯ ನೆರೆಯಲ್ಲೇ. ವೈದ್ಯಶಾಸ್ತ್ರ ಕಲಿಯಲು 1883ರಲ್ಲಿ ಅಮೆರಿಕಕ್ಕೆ ಹೋದ ಆನಂದಿಬಾಯಿ ಜೋಶಿ 1886ರಲ್ಲಿ ಪದವಿ ಪಡೆದಾಗ ಕೊಲ್ಹಾಪುರ ಸಂಸ್ಥಾನ ತನ್ನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡನ್ನು ಅವರಿಗೆ ವಹಿಸಲು ಮುಂದಾಯಿತು. ಕ್ಷಯದಿಂದ 1887ರಲ್ಲಿ ತೀರಿಕೊಂಡ ಅವರಿಗೆ ಆ ಕೆಲಸ ಮಾಡಲಾಗಲಿಲ್ಲ. ಆದರೂ ಹೊರಗೆ ಕಲಿತವಳಿಗೆ ಹುದ್ದೆಯನ್ನು ಮೊದಲೇ ತೆರೆದಿಟ್ಟದ್ದು ರವಿವರ್ಮನ ಕಟ್ಟಳೆಗೆ ಸಮನಾದ ವಿವೇಕ. ಮೀರಜಿನಲ್ಲಿ ವೈದ್ಯ ವಿಲಿಯಂ ವಾನ್‌ಲೆಸ್ ಅವರ ಮಿಷನ್ ಆಸ್ಪತ್ರೆ 1897ರಲ್ಲಿ ನರ್ಸಿಂಗ್ ಶಾಲೆ ತೆರೆಯಿತು. ಖಾನಾಪುರ, ಬೆಳಗಾವಿ, ಮೀರಜ್ ಮೂರೂ ಒಂದೇ ರೈಲುಹಾದಿಯ ಊರುಗಳು. ಇಲ್ಲಿ ಗಡಿ ದಾಟಿದ್ದು ವಿದ್ಯಾರ್ಥಿಯಲ್ಲ, ವಿದ್ಯೆ. ಕೆನಡಾದಲ್ಲಿ ಹುಟ್ಟಿದ ವೈದ್ಯನೊಬ್ಬ ಹೊರಗಿನಿಂದ ತಂದದ್ದು ಈ ಸೀಮೆಯಲ್ಲಿ ಬೇರೂರಿತು.

ಇದೇ ಅವಧಿಯಲ್ಲಿ ಬೆಳಗಾವಿ ಮುಂಬಯಿ ಪ್ರಾಂತ್ಯದ ಅಂಚಿನ ಜಿಲ್ಲೆ. ಪದವಿ ಬೇಕೆಂದರೆ ಇಲ್ಲಿನ ಹುಡುಗರು ಪುಣೆಗೋ ಮುಂಬಯಿಗೋ ಹೋಗಬೇಕು. ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದೇ 1917ರಲ್ಲಿ. ಆ ವಲಸೆಯನ್ನೂ ಅಂದು ನಷ್ಟವೆಂದು ಬಗೆಯಬಹುದಿತ್ತು. ಆದರೆ ಪುಣೆಯ ಡೆಕ್ಕನ್ ಎಜುಕೇಷನ್ ಸೊಸೈಟಿಯ ಮಾದರಿಯನ್ನು ಮುಂದಿಟ್ಟುಕೊಂಡು ಏಳು ಮಂದಿ ಶಿಕ್ಷಕರು 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯನ್ನು ಕಟ್ಟಿದರು, ದಾನಿಗಳು ಕೈಜೋಡಿಸಿದರು. ಒಂದು ಶಾಲೆಯಿಂದ ಆರಂಭವಾದ ಅದು 1963ರಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನು ತೆರೆಯಿತು. ಮುಂದೆ ನರ್ಸಿಂಗ್ ಶಿಕ್ಷಣಕ್ಕೂ ಕೈಹಾಕಿತು. ಹೊರಗೆ ಹೋಗಿ ಓದುವ ಅನಿವಾರ್ಯತೆಯೇ ಊರಲ್ಲಿ ಕಾಲೇಜು ಕಟ್ಟುವ ಹಟವಾಗಿ ಬದಲಾಯಿತು.

ಹಾಗಾದರೆ ಅರಿವೆಂಬುದು ಯಾವಾಗಲೂ ಹೊರಗಿನಿಂದ ಬರುವಂಥದೇ? ಅಲ್ಲ ಎನ್ನಲು ಬೆಳಗಾವಿ ಜಿಲ್ಲೆಯ ಹಳ್ಳಿಗಳೇ ಪುರಾವೆ. 2002ರಿಂದ 2005ರವರೆಗೆ ಇದೇ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು 1,620 ಹೆಂಗಸರಲ್ಲಿ ಪರೀಕ್ಷಿಸಿದರು. ಮಾತ್ರೆ ಕೊಟ್ಟವರು, ಹೆರಿಗೆ ಮಾಡಿಸಿದವರು, ಸುರಿದ ರಕ್ತವನ್ನು ಅಳೆದವರು ಹಳ್ಳಿಯ ಸಹಾಯಕ ನರ್ಸ್-ಸೂಲಗಿತ್ತಿಯರು, ಅಂದರೆ ಎಎನ್‌ಎಂಗಳು. ಹುಸಿ ಮಾತ್ರೆ ನುಂಗಿದವರಲ್ಲಿ ಶೇ 12ರಷ್ಟಿದ್ದ ರಕ್ತಸ್ರಾವ ನಿಜವಾದ ಮದ್ದು ಪಡೆದವರಲ್ಲಿ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ಈ ಬಳಕೆಗಾಗಿ ಮಿಸೊಪ್ರೊಸ್ಟಾಲ್ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿತು. ಹಳ್ಳಿಯ ನರ್ಸಬಾಯಿಯ ಕೈಕೆಲಸ ಜಗತ್ತಿಗೆ ಪಾಠವಾದದ್ದು ಇಲ್ಲಿ ಉಪಕೇಂದ್ರಗಳ ಜಾಲ, ಕಾಲೇಜು, ಹೊರಗಿನವರ ಸಂಪರ್ಕ ಮೂರೂ ಇದ್ದುದರಿಂದ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು: ಶಾಸನದ ಮಾತು ಚೆಂದ, ಆದರೆ ಜರ್ಮನ್ ಭಾಷೆಯ ಬಿ2 ಪರೀಕ್ಷೆ, ಇಂಗ್ಲಿಷಿನ ಒಇಟಿ, ನರ್ಸಿಂಗ್ ಪರವಾನಗಿಯ ಎನ್‌ಸಿಎಲ್‌ಎಕ್ಸ್ ಪಾಸಾಗಿ ಹೋದವರು ಮರಳುವುದಿಲ್ಲ, ಮಳೆಗಾಲದಲ್ಲಿ ರಸ್ತೆ ಕಡಿದುಹೋಗುವ ಖಾನಾಪುರದ ಕಾಡಂಚಿನ ಹಳ್ಳಿಗೆ ನರ್ಸ್ ಎಲ್ಲಿಂದ ಬರಬೇಕು? ಬಾಂಡ್ ಬರೆಸಿಕೊಂಡು, ಸರ್ಟಿಫಿಕೇಟ್ ಹಿಡಿದಿಟ್ಟು ತಡೆಯಬೇಕೆ? 2010ರ ವಿಶ್ವ ಆರೋಗ್ಯ ಸಂಸ್ಥೆಯ ನೇಮಕಾತಿ ಸಂಹಿತೆ ಕೂಡ ಕೊರತೆಯಿರುವ ದೇಶಗಳಿಂದ ಮುಂದಾಗಿ ಸಿಬ್ಬಂದಿ ಸೆಳೆಯಬೇಡಿ ಎಂದು ಸರ್ಕಾರಗಳಿಗೆ ಹೇಳುತ್ತದೆಯೇ ಹೊರತು, ಹೋಗುವ ವ್ಯಕ್ತಿಯ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಸಾಲ ಮಾಡಿ ಓದಿದ ಹುಡುಗಿಯನ್ನು ಗುತ್ತಿಗೆ ಸಂಬಳದಲ್ಲಿ ದುಡಿಸಿಕೊಂಡು, ಹೋದದ್ದಕ್ಕೆ ಅವಳನ್ನೇ ದೂರುವುದು ನ್ಯಾಯವಲ್ಲ. ಎಲ್ಲರೂ ಮರಳಲಾರರು ಎಂಬುದು ನಿಜ. ಮರಳುವ ಕೆಲವರಿಗಾದರೂ ಕಾಯಂ ಹುದ್ದೆ, ವಸತಿ, ಹೊರಗಿನ ಅನುಭವಕ್ಕೆ ಬಡ್ತಿಯಲ್ಲಿ ಬೆಲೆ, ಕಲಿಸುವ ಅವಕಾಶ ಇವೆಯೆ? ಎಎನ್‌ಎಂ ಒಬ್ಬಳು ಕೆಲಸದಲ್ಲಿದ್ದೇ ಬಿಎಸ್ಸಿವರೆಗೆ ಏರುವ ದಾರಿ ಸುಗಮವೆ? ಇವುಗಳಿಗೆ ಉತ್ತರ ಸಿಗುವವರೆಗೆ ವಲಸೆಯನ್ನು ನಷ್ಟವೆಂದು ಬರೆದಿಡುವ ಲೆಕ್ಕಪತ್ರದಲ್ಲಿ ಸಾಲಗಾರನ ಜಾಗದಲ್ಲಿ ಇರಬೇಕಾದದ್ದು ವಿದ್ಯಾರ್ಥಿನಿಯ ಹೆಸರಲ್ಲ, ಅವಳಿಗೆ ಏನನ್ನೂ ಮೀಸಲಿಡದ ಆಡಳಿತದ ಹೆಸರು.