ಹಿಂಜರಿತ

‘ಹಿಂದೆ ಸರಿ’ ಎಂಬುದೇ ‘ಹಿಂಜರಿ’. ಸೆರಗು ‘ಮುಂಜೆರಗು’ ಆದ ಹಾಗೆ ಇಲ್ಲಿ ‘ಸರಿ’ ‘ಜರಿ’ಯಾಗಿದೆ. ಮಾತಾಡಲು ಹಿಂಜರಿಯುವುದು ಮನೆಮಾತಿನ ಬಳಕೆ. ಆರ್ಥಿಕ ಹಿಂಜರಿತವೆಂದರೆ ಉತ್ಪಾದನೆ, ಉದ್ಯೋಗ, ಆದಾಯ ಒಟ್ಟಿಗೇ ಇಳಿಯುವ ಹಂತ. ಸತತ ಎರಡು ತ್ರೈಮಾಸಿಕ ಜಿಡಿಪಿ ಕುಗ್ಗಿದರೆ ಹಾಗೆನ್ನುವುದು ವಾಡಿಕೆ. 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಭಾರತದಲ್ಲಿ ಆದದ್ದು ಇದೇ.

ಜಿಡಿಪಿ ಲೆಕ್ಕ ಕೈಗೆ ಸಿಗುವುದು ತಡವಾಗಿ. ಯಂತ್ರಗಳ ಆರ್ಡರ್ ಮೊದಲೇ ಸುಳಿವು ಕೊಡುತ್ತದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರ ತಯಾರಿಸುತ್ತಿತ್ತು. ಲೇತ್ ಕೊಳ್ಳುವ ವರ್ಕ್‌ಶಾಪಿಗೆ ಕೆಲಸ ತುಸು ಕಡಿಮೆಯಾದರೂ ಸಾಕು, ಮಾಲೀಕ ಹಳೆಯದರಲ್ಲೇ ಸುಧಾರಿಸುತ್ತಾನೆ. ಹೊಸದರ ಆರ್ಡರ್ ಪೂರ್ತಿ ನಿಲ್ಲುತ್ತದೆ. ವರ್ಕ್‌ಶಾಪಿನ ಸಣ್ಣ ಇಳಿತ ಯಂತ್ರ ಕಾರ್ಖಾನೆಗೆ ದೊಡ್ಡ ಪೆಟ್ಟು. ಅರ್ಥಶಾಸ್ತ್ರ ಇದನ್ನು ವೇಗವರ್ಧಕ ತತ್ವ ಎನ್ನುತ್ತದೆ. ಕೊನೆಗೆ ಬಾಗಿಲು ಹಾಕಿದ ಆ ಕಾರ್ಖಾನೆಯ ನೋವು ಹರಿಹರಕ್ಕೆ ಇನ್ನೂ ಹಸಿ.

ಇಂಥ ಹೊತ್ತಲ್ಲಿ ಪಕ್ಕದ ದಾವಣಗೆರೆ ಪೇಟೆಯಲ್ಲಿ ಕೇಳಿದರೆ ‘ಯಾಪಾರ ಡಲ್ ಐತ್ರಿ’ ಎಂದಷ್ಟೇ ಉತ್ತರ. ಆದರೂ ಹಿಂಜರಿತ ಒಳ್ಳೆಯ ಪದ. ಕೊಳ್ಳುವವನು ಹಿಂಜರಿದರೆ ಬಂಡವಾಳ ಹೂಡುವವನೂ ಹಿಂಜರಿಯುತ್ತಾನೆ. 1936ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಒತ್ತಿ ಹೇಳಿದ್ದು ಈ ಮನಃಸ್ಥಿತಿಯನ್ನೇ. ಇದೇ ಅರ್ಥದಲ್ಲಿ ಕೆಲವೊಮ್ಮೆ ಬಳಸುವ ‘ಮುಗ್ಗಟ್ಟು’ ಬೇರೆ, ಅದು ಕೊರತೆ, ಅಭಾವ. ಗೋದಾಮು ತುಂಬಿದ್ದೂ ಗಿರಾಕಿ ಬಾರದ ಹೊತ್ತಿಗೆ ಆ ಪದ ಒಗ್ಗದು.