ಬೋಧನೆ ಮತ್ತು ಶುಶ್ರೂಷೆ: ಸೇವೆಗಾಗಿ ಶಿಕ್ಷಣ ಪಡೆದವರ ಕಥೆ

ಪ್ರಭು ಯೇಸುಕ್ರಿಸ್ತರು ತಮ್ಮ ಹನ್ನೆರಡು ಮಂದಿ ಶಿಷ್ಯರನ್ನು ಊರೂರಿಗೆ ಕಳುಹಿಸಿದಾಗ ಅವರಿಗೆ ಎರಡು ಕಾರ್ಯಗಳನ್ನು ಒಪ್ಪಿಸಿದರೆಂದು ಸಂತ ಲೂಕರ ಶುಭಸಂದೇಶ ತಿಳಿಸುತ್ತದೆ. ದೇವರ ಸಾಮ್ರಾಜ್ಯವನ್ನು ಸಾರುವುದು ಒಂದು. ರೋಗಿಗಳನ್ನು ಗುಣಪಡಿಸುವುದು ಇನ್ನೊಂದು. ಅಂದಿನಿಂದ ಇಂದಿನವರೆಗೆ ಧರ್ಮಸಭೆ ಕಾಲಿಟ್ಟ ಕಡೆಯಲ್ಲೆಲ್ಲ ಬಲಿಪೀಠದ ಪಕ್ಕದಲ್ಲಿ ಒಂದು ಶಾಲೆಯೂ, ಶಾಲೆಯ ಪಕ್ಕದಲ್ಲಿ ಒಂದು ಔಷಧಾಲಯವೂ ತಲೆಯೆತ್ತಿದುದು ಈ ಆಜ್ಞೆಯ ಫಲವೇ ಆಗಿದೆ.

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ದೇವಾಲಯವನ್ನು ಕಟ್ಟಿಸಿದ ಗುರುಗಳನ್ನೂ, ಧನಧಾನ್ಯವಿತ್ತ ದಾನಿಗಳನ್ನೂ, ಕಲ್ಲು ಹೊತ್ತ ನಮ್ಮ ಹಿರಿಯರನ್ನೂ ಈ ಸಂಚಿಕೆಯ ಇತರ ಪುಟಗಳು ಸ್ಮರಿಸುತ್ತವೆ. ನಾವು ಇಲ್ಲಿ ಆರಿಸಿಕೊಂಡ ವಿಷಯ ಅಮೃತಶಿಲೆಯ ಫಲಕಗಳಲ್ಲಿ ಕಾಣಸಿಗುವಂಥದಲ್ಲ. ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದವರು ಕಲಿಸುವುದನ್ನು ಎಲ್ಲಿ ಕಲಿತರು? ನಮ್ಮ ತಾಯಂದಿರ ಹೆರಿಗೆ ಮಾಡಿಸಿದವರಿಗೆ ಆ ವಿದ್ಯೆ ಹೇಗೆ ದೊರೆಯಿತು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಪ್ರೀತಿಯೊಂದಿದ್ದರೆ ಸೇವೆಗೆ ಸಾಕು ಎನ್ನುವವರುಂಟು. ಆದರೆ ದಯಾಳುವಾದ ಸಮಾರಿತನ ಸಾಮತಿಯನ್ನು ಗಮನವಿಟ್ಟು ಓದಿ ನೋಡೋಣ. ಅವನು ಗಾಯಾಳುವನ್ನು ಕಂಡು ಮರುಗಿ ಕಣ್ಣೀರು ಸುರಿಸುತ್ತ ನಿಲ್ಲಲಿಲ್ಲ. ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಗಾಯ ಕಟ್ಟಿದನು. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದನು. ಮುಂದಿನ ಆರೈಕೆಗೆ ಹಣ ಕೊಟ್ಟು ಏರ್ಪಾಡು ಮಾಡಿದನು. ಅವನಿಗೆ ಕರುಣೆಯಿತ್ತು, ಅದರೊಡನೆ ಏನು ಮಾಡಬೇಕೆಂಬ ತಿಳಿವಳಿಕೆಯೂ ಇತ್ತು. ಸ್ವತಃ ವೈದ್ಯರಾಗಿದ್ದ ಲೂಕರು ಮಾತ್ರವೇ ಈ ಸಾಮತಿಯನ್ನು ನಮಗಾಗಿ ಬರೆದಿಟ್ಟರೆಂಬುದು ಅರ್ಥಪೂರ್ಣವಾಗಿದೆ.

ನಮ್ಮ ನೆಲದ ಗುರುಪರಂಪರೆ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಈ ಸೀಮೆ ವಿದ್ಯೆಗೆ ಹೊಸತಲ್ಲ. ಕನಕದಾಸರ ಬಾಡ, ಸಂತ ಶಿಶುನಾಳ ಷರೀಫರ ಶಿಶುವಿನಹಾಳ ಎರಡೂ ಶಿಗ್ಗಾಂವಿ ತಾಲೂಕಿನವೇ. ಮುಸಲ್ಮಾನರಾಗಿ ಹುಟ್ಟಿದ ಷರೀಫರು (1819–1889) ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನಲ್ಲಿ ಕಲಿತುದು ಈ ನಾಡಿನ ಔದಾರ್ಯಕ್ಕೆ ಸಾಕ್ಷಿ. ಅವರು ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರೆಂಬುದನ್ನು ಅವರ ಹಾಡುಗಳನ್ನು ಹಾಡುವ ನಾವು ಹಲವು ವೇಳೆ ಮರೆಯುತ್ತೇವೆ.

ಅಂದಿನ ಹಳ್ಳಿಗಳಲ್ಲಿ ಕೂಲಿಮಠಗಳಿದ್ದವು. ಅಯ್ಯನವರ ಮುಂದೆ ಮಕ್ಕಳು ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ಕಲಿಸುವವನಿಗೂ ಕಲಿಕೆ ಬೇಕೆಂಬ ಭಾವನೆ ಸರಕಾರದ ಮಟ್ಟದಲ್ಲಿ ಬಲಗೊಂಡುದು 1854ರ ವುಡ್ ಅವರ ಶಿಕ್ಷಣ ನಿರೂಪದಿಂದ. ಪ್ರತಿಯೊಂದು ಪ್ರಾಂತದಲ್ಲಿಯೂ ಶಿಕ್ಷಕರ ತರಬೇತಿ ಶಾಲೆಗಳಿರಬೇಕೆಂದು ಅದು ವಿಧಿಸಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ ಜಿಲ್ಲೆಯಲ್ಲಿ ಆಗ ಶಾಲೆಗಳ ಮೇಲೆ ಮರಾಠಿಯ ಪ್ರಭಾವ ಅಧಿಕವಾಗಿತ್ತು. ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರು ಸಿದ್ಧರಾಗದ ಹೊರತು ಕನ್ನಡ ಶಾಲೆಗಳು ಹುಟ್ಟಲಾರವೆಂಬುದನ್ನು ಮನಗಂಡವರು ಡೆಪ್ಯುಟಿ ಚನ್ನಬಸಪ್ಪನವರು (1834–1881). ಧಾರವಾಡದ ಶಿಕ್ಷಕರ ತರಬೇತಿ ಶಾಲೆಯನ್ನು ಅವರು ಕನ್ನಡದ ನೆಲೆಯನ್ನಾಗಿ ಬೆಳೆಸಿದರು. ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ ಜನಿಸಿದ ಶಾಂತಕವಿಗಳು, ಹಾವೇರಿ ಸೀಮೆಯ ಗಳಗನಾಥರು ಧಾರವಾಡದ ಈ ತರಬೇತಿಯಲ್ಲಿ ಪಳಗಿ ಶಾಲಾಮಾಸ್ತರರಾದವರು. ಮುಂದೆ ಒಬ್ಬರು ಕನ್ನಡ ರಂಗಭೂಮಿಗೆ, ಇನ್ನೊಬ್ಬರು ಕನ್ನಡ ಕಾದಂಬರಿಗೆ ಬುನಾದಿ ಹಾಕಿದರು. ಒಂದು ತರಬೇತಿ ಶಾಲೆ ಒಂದು ನಾಡಿನ ಭಾಷೆಯನ್ನೇ ಎತ್ತಿ ನಿಲ್ಲಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬಾಸೆಲ್ ಮಿಶನ್ನಿನ ನಮ್ಮ ಪ್ರಾಟೆಸ್ಟೆಂಟ್ ಸಹೋದರರು 1837ರಲ್ಲಿ ಧಾರವಾಡಕ್ಕೂ, ಎರಡು ವರ್ಷಗಳ ಅನಂತರ ಹುಬ್ಬಳ್ಳಿಗೂ ಬಂದು ಶಾಲೆಗಳನ್ನು ತೆರೆದರು. ಬೆಟಗೇರಿಯಲ್ಲಿ ಅವರು ಕಟ್ಟಿದ ಆಸ್ಪತ್ರೆಯನ್ನು ಜನರು ಜರ್ಮನ್ ಆಸ್ಪತ್ರೆಯೆಂದೇ ಕರೆದರು. ಅವರ ಶ್ರಮವನ್ನು ಕೃತಜ್ಞತೆಯಿಂದ ನೆನೆಯುವುದು ನಮ್ಮ ಕರ್ತವ್ಯ.

ಕನ್ಯಾಮಠಗಳಲ್ಲಿ ಗುರುಮಾತೆಯರು

ಹೆಣ್ಣುಮಕ್ಕಳ ವಿದ್ಯೆಯ ಮಾತು ಬಂದಾಗ ನಾವು ಮಂಗಳೂರಿನತ್ತ ತಿರುಗಬೇಕಾಗುತ್ತದೆ. ಹುಡುಗಿಯರನ್ನು ಶಾಲೆಗೆ ಕಳುಹಿಸಲು ತಂದೆತಾಯಂದಿರು ಒಪ್ಪಬೇಕಾದರೆ ಕಲಿಸುವವರೂ ಸ್ತ್ರೀಯರಾಗಿರಬೇಕಿತ್ತು. ಅಂಥ ಶಿಕ್ಷಕಿಯರು ಎಲ್ಲಿಯೂ ಇರಲಿಲ್ಲ. ಈ ಕೊರತೆಯನ್ನು ನೀಗಲು ಧರ್ಮಾಧ್ಯಕ್ಷರಾದ ಮೇರಿ ಎಫ್ರೆಮ್ ಅವರ ಕರೆಯಂತೆ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದಿಳಿದರು. ಆ ಸಭೆಯ ಸ್ಥಾಪಕಿ ಮಾತೆ ವೆರೋನಿಕಾ ಅವರು 1868ರಲ್ಲಿ ಫ್ರಾನ್ಸಿನ ಬಯೋನ್ ನಗರದಲ್ಲಿ ಭಗಿನಿಯರನ್ನು ಭಾರತದ ಶಾಲಾಸೇವೆಗೆಂದೇ ಸಿದ್ಧಪಡಿಸಿ ಕಳುಹಿಸಿದ್ದರು. ಮಂಗಳೂರಿನ ಸಂತ ಆನ್ನರ ಕಾನ್ವೆಂಟು ಮುಂದೆ ಶಿಕ್ಷಕಿಯರ ತರಬೇತಿಗೂ ಮನೆಯಾಯಿತು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಆರಂಭವಾಯಿತು.

ಅದೇ 1921ರ ಜುಲೈ 16ರಂದು ಮಂಗಳೂರಿನ ಬೆಂದೂರಿನಲ್ಲಿ ಪೂಜ್ಯ ರೇಮಂಡ್ ಮಸ್ಕರೇನ್ಹಸ್ ಸ್ವಾಮಿಯವರು ನಾಲ್ವರು ಯುವತಿಯರೊಡನೆ ಬೆಥನಿ ಸಭೆಯನ್ನು ಸ್ಥಾಪಿಸಿದರು. ದೊಡ್ಡ ಕಾನ್ವೆಂಟುಗಳು ತಲುಪಲಾಗದ ಹಳ್ಳಿಗಳಲ್ಲಿ, ಜನರ ನುಡಿಯಲ್ಲಿಯೇ ಶಾಲೆ ನಡೆಸುವ ನಮ್ಮ ನಾಡಿನದೇ ಧರ್ಮಭಗಿನಿಯರು ಬೇಕೆಂಬುದು ಅವರ ಹಂಬಲವಾಗಿತ್ತು. ಹೀಗೆ ಕರಾವಳಿಯಲ್ಲಿ ತರಬೇತಿ ಪಡೆದವರು ಘಟ್ಟ ಹತ್ತಿ ಬಯಲುಸೀಮೆಯ ಜೋಳದ ಹೊಲಗಳ ನಡುವೆ ಬದುಕನ್ನು ಸವೆಸಿದರು. ಜೋಳದ ರೊಟ್ಟಿ ಬಡಿಯುವುದನ್ನು ಕಲಿತರು; ನಮ್ಮ ಧಾರವಾಡದ ಮಾತನ್ನೂ ಕಲಿತರು.

ಈ ಸೀಮೆಯ ಧರ್ಮಸಭೆಯ ಆಡಳಿತವೂ ಹಲವು ಕೈ ಬದಲಿಸಿತು. 1886ರಲ್ಲಿ ಪುಣೆ ಧರ್ಮಪ್ರಾಂತ್ಯ ರಚನೆಯಾಯಿತು. ಧಾರವಾಡ ಸೀಮೆಯ ಕಥೋಲಿಕರು ಅದಕ್ಕೆ ಸೇರಿದ್ದರು. ಅಲ್ಲಿ ದುಡಿಯುತ್ತಿದ್ದ ಜರ್ಮನ್ ಯೇಸುಸಭೆಯ ಗುರುಗಳು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ದೇಶ ಬಿಡಬೇಕಾಯಿತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪನೆಯಾಯಿತು. 1976ರಲ್ಲಿ ಅದರಿಂದ ಕಾರವಾರ ಧರ್ಮಪ್ರಾಂತ್ಯ ಬೇರೆಯಾಯಿತು. ಗುರುಗಳು ವಿರಳರಾಗಿದ್ದ ಆ ಕಾಲದಲ್ಲಿ ಊರಿನ ವಿಶ್ವಾಸದ ದೀಪ ಆರದಂತೆ ಕಾಯ್ದವರು ಉಪದೇಶಿಗಳು. ಭಾನುವಾರ ಜಪ ಹೇಳಿಸುವವರು, ವಾರದ ಉಳಿದ ದಿನ ಮಕ್ಕಳಿಗೆ ಅಕ್ಷರ ಕಲಿಸುವವರು, ಜ್ವರ ಬಂದವರಿಗೆ ಗುಳಿಗೆ ಕೊಡುವವರು ಎಲ್ಲವೂ ಅವರೇ. ಅವರಿಗಿದ್ದ ತರಬೇತಿ ಅಲ್ಪ, ಸಂಬಳ ಅದಕ್ಕಿಂತಲೂ ಅಲ್ಪ. ಅವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ.

ಶುಶ್ರೂಷೆಯ ಕಠಿಣ ಹಾದಿ

ಬೋಧನೆಗಿಂತ ಶುಶ್ರೂಷೆಯ ಹಾದಿ ದುರ್ಗಮವಾಗಿತ್ತು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಯೇಸುಸಭೆಯ ಪೂಜ್ಯ ಅಗಸ್ಟಸ್ ಮುಲ್ಲರ್ ಸ್ವಾಮಿಯವರು ಹೋಮಿಯೋಪಥಿ ಔಷಧಾಲಯವನ್ನು ತೆರೆದರು. ಹತ್ತು ವರ್ಷಗಳಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಲ್ಪಿಸಿದರು. 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಧರ್ಮಭಗಿನಿಯರಿಂದ ಸಂತ ಮಾರ್ತಾ ಆಸ್ಪತ್ರೆ ಆರಂಭವಾಯಿತು.

ಆದರೂ ಒಂದು ದೊಡ್ಡ ಅಡ್ಡಿಯಿತ್ತು. ವ್ರತಸ್ಥರು ವೈದ್ಯವೃತ್ತಿಯನ್ನು, ವಿಶೇಷವಾಗಿ ಪ್ರಸೂತಿ ಚಿಕಿತ್ಸೆಯನ್ನು ಕೈಗೊಳ್ಳುವುದಕ್ಕೆ ಧರ್ಮಸಭೆಯ ಶಾಸನದಲ್ಲಿ ನಿರ್ಬಂಧವಿತ್ತು. ವಿಶೇಷ ಅನುಮತಿಯಿಲ್ಲದೆ ಯಾವ ಕನ್ಯಾಸ್ತ್ರೀಯೂ ವೈದ್ಯಳಾಗಿ ದುಡಿಯುವಂತಿರಲಿಲ್ಲ. ಇತ್ತ ನಮ್ಮ ದೇಶದಲ್ಲಿ ಪರಪುರುಷನಾದ ವೈದ್ಯನ ಮುಂದೆ ಬರಲೊಪ್ಪದೆ ಎಷ್ಟೋ ತಾಯಂದಿರು ಹೆರಿಗೆಯ ನೋವಿನಲ್ಲಿಯೇ ಪ್ರಾಣ ಬಿಡುತ್ತಿದ್ದರು. ಧರ್ಮಭಗಿನಿಯರು ಬಾಗಿಲವರೆಗೆ ಬರಬಲ್ಲವರಾಗಿದ್ದರು; ಒಳಗೆ ಮಾಡಬೇಕಾದ ಕೆಲಸಕ್ಕೆ ಮಾತ್ರ ಅವರ ಕೈ ಕಟ್ಟಿತ್ತು. ನಮ್ಮ ಸಭೆಯ ಚರಿತ್ರೆಯ ಈ ನೋವಿನ ಪುಟವನ್ನು ಮುಚ್ಚಿಡುವುದು ಸತ್ಯಕ್ಕೆ ಸಲ್ಲದು.

ಈ ಅಡ್ಡಿಯನ್ನು ತೊಲಗಿಸಲು ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ರೋಮಿಗೆ ಮತ್ತೆ ಮತ್ತೆ ಬಿನ್ನವಿಸಿಕೊಂಡರು. ಅವರ ಯತ್ನದಿಂದ ರಾವಲ್ಪಿಂಡಿಯಲ್ಲಿ ಸ್ತ್ರೀಯರ ಆಸ್ಪತ್ರೆಯೊಂದು ತೆರೆಯಿತು. 1913ರಲ್ಲಿ ಅವರು ತೀರಿಕೊಂಡಾಗ ಬಿನ್ನಹ ಇನ್ನೂ ಈಡೇರಿರಲಿಲ್ಲ. ಆದರೆ ಅವರ ಜೀವನಕಥೆಯನ್ನೋದಿದ ಆಸ್ಟ್ರೇಲಿಯಾದ ತರುಣ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಭಾರತಕ್ಕೆ ಬಂದು ಗುಂಟೂರಿನಲ್ಲಿ ಕನ್ಯಾಸ್ತ್ರೀಯಾದರು. ಜಗದ್ಗುರುಗಳ ವಿಶೇಷ ಅನುಮತಿಯಿಂದ ವೈದ್ಯಸೇವೆ ನಡೆಸಿದರು. ರೋಗಿಗಳನ್ನು ನೋಡುವುದರೊಂದಿಗೆ ಅವರು ಸ್ಥಳೀಯ ಹೆಣ್ಣುಮಕ್ಕಳನ್ನು ದಾದಿಯರನ್ನಾಗಿಯೂ, ಔಷಧ ಹಂಚುವವರನ್ನಾಗಿಯೂ ತರಬೇತುಗೊಳಿಸಿದರು. ತಾವು ಇಲ್ಲದಾಗಲೂ ಸೇವೆ ನಿಲ್ಲಬಾರದೆಂಬ ದೂರದೃಷ್ಟಿ ಅದರಲ್ಲಿತ್ತು. ಮೆಕ್ಲಾರೆನ್ ಅವರ ದಾರಿಯಲ್ಲಿಯೇ ನಡೆದ ಅನ್ನಾ ಡೆಂಗೆಲ್ 1925ರಲ್ಲಿ ವೈದ್ಯಕೀಯ ಮಿಶನ್ ಭಗಿನಿಯರ ಸಭೆಯನ್ನು ಸ್ಥಾಪಿಸಿದರು.

ಕೊನೆಗೆ 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ರೋಮಿನಿಂದ ಆದೇಶ ಹೊರಟಿತು. ಮಿಶನ್ ದೇಶಗಳಲ್ಲಿ ಧರ್ಮಭಗಿನಿಯರು ತಾಯಿಮಕ್ಕಳ ಚಿಕಿತ್ಸೆ ಮಾಡಬಹುದೆಂದೂ, ಅದಕ್ಕಾಗಿ ವೈದ್ಯೆಯರೂ ದಾದಿಯರೂ ಆಗುವ ವಿಧಿವತ್ತಾದ ಶಿಕ್ಷಣವನ್ನು ಪಡೆಯಬೇಕೆಂದೂ ಅದು ತಿಳಿಸಿತು. ಅನುಮತಿಯೊಡನೆ ಕಲಿಕೆಯೂ ಕರ್ತವ್ಯವಾಯಿತೆಂಬುದನ್ನು ಗಮನಿಸಬೇಕು. 1943ರಲ್ಲಿ ಗ್ಲೌರಿಯವರ ನೇತೃತ್ವದಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘ ಹುಟ್ಟಿತು. ನಮ್ಮದೇ ಆದ ವೈದ್ಯಕೀಯ ಕಾಲೇಜೊಂದು ಬೇಕೆಂಬ ಅವರ ಕನಸು, 1957ರಲ್ಲಿ ಬೆಂಗಳೂರಿನಲ್ಲಿ ಅವರು ನಿಧನರಾದ ಆರು ವರ್ಷಗಳ ಮೇಲೆ, ಅದೇ ಬೆಂಗಳೂರಿನಲ್ಲಿ ಸಂತ ಜಾನ್ ವೈದ್ಯಕೀಯ ಕಾಲೇಜಾಗಿ 1963ರಲ್ಲಿ ನನಸಾಯಿತು. ಅಲ್ಲಿ ಕಲಿತ ವೈದ್ಯರು ಹಳ್ಳಿಗಾಡಿನಲ್ಲಿ ಸೇವೆ ಸಲ್ಲಿಸಬೇಕೆಂಬ ಕರಾರನ್ನು ಆ ಸಂಸ್ಥೆ ಇಟ್ಟುಕೊಂಡಿತು.

ಹಳ್ಳಿಯ ಬಾಗಿಲಿಗೆ ಬಂದ ವಿದ್ಯೆ

ಆಸ್ಪತ್ರೆ ಎಷ್ಟು ದೊಡ್ಡದಾದರೂ ಅದು ಪಟ್ಟಣದಲ್ಲಿರುತ್ತದೆ. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಾಗ ನಮ್ಮ ಜನರಿಗೆ ದೊಡ್ಡ ಆಸರೆ ದೊರೆಯಿತು. ಆದರೂ ಮಳೆಗಾಲದ ನಡುರಾತ್ರಿ ಹೆರಿಗೆಯ ಬೇನೆ ಬಂದಾಗ ಕೈಗೆ ಸಿಗುತ್ತಿದ್ದವಳು ಊರಿನ ಸೂಲಗಿತ್ತಿಯೇ. ಅವಳಿಗೆ ಓದು ಬರುತ್ತಿರಲಿಲ್ಲ. ತಾಯಿ, ಅತ್ತೆಯರ ಜೊತೆಗಿದ್ದು ಕಂಡು ಮಾಡಿ ಕಲಿತ ವಿದ್ಯೆ ಅವಳದು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ಇಂಥ ಸಾವಿರಾರು ಕೈಗಳಿಗೆ ಸಂದಿತೆಂದು ನಾವು ಸಂತೋಷಪಟ್ಟೆವು. ಆ ಕೈಗಳಿಗೆ ಶುಚಿತ್ವದ ನಿಯಮಗಳನ್ನೂ, ಕಾಯಿಸಿದ ಬ್ಲೇಡು ಮತ್ತು ದಾರದ ಬಳಕೆಯನ್ನೂ, ಅಪಾಯದ ಸೂಚನೆ ಕಂಡ ಕೂಡಲೇ ಆಸ್ಪತ್ರೆಗೆ ಕಳುಹಿಸುವ ವಿವೇಕವನ್ನೂ ಕಲಿಸಿದಾಗ ಅನೇಕ ಪ್ರಾಣಗಳು ಉಳಿದವು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿಯ ಯೋಜನೆ ಮೊದಲಾಯಿತು. ನಮ್ಮ ರಾಜ್ಯದ ತಿರುಮಕೂಡಲು ನರಸೀಪುರ ಅವುಗಳಲ್ಲೊಂದು. 1978ರ ಆಲ್ಮಾ ಆಟಾ ಸಮ್ಮೇಳನ ಪ್ರಾಥಮಿಕ ಆರೋಗ್ಯವನ್ನು ಎಲ್ಲರ ಹಕ್ಕೆಂದು ಸಾರಿತು. 2005ರಲ್ಲಿ ಆಶಾ ಕಾರ್ಯಕರ್ತೆಯರು ಬಂದರು. ಅಂಗನವಾಡಿಯ ಕಾರ್ಯಕರ್ತೆಯಲ್ಲಿ ಶಿಕ್ಷಕಿ ಮತ್ತು ದಾದಿ ಎರಡೂ ಒಂದಾಗಿರುವುದನ್ನು ನೋಡಿದರೆ ಹಿಂದಿನ ಉಪದೇಶಿಯ ನೆನಪಾಗುತ್ತದೆ. ಅವನಿಗೆ ದೊರೆಯದ ತರಬೇತಿ ಇವಳಿಗೆ ದೊರೆಯುತ್ತಿದೆ.

ಶಿಗ್ಗಾಂವಿಗೆ ಸಮೀಪದ ಗೊಟಗೋಡಿ ಇಂದು ಎಲ್ಲರಿಗೂ ಪರಿಚಿತ. ಅಲ್ಲಿನ ಉತ್ಸವ ರಾಕ್ ಗಾರ್ಡನ್ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ನಿಲ್ಲಿಸಿದೆ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಅಲ್ಲಿಯೇ ಇದೆ. ಓದುಬರಹವಿಲ್ಲದವರ ಬಾಯಲ್ಲಿದ್ದ ತಿಳಿವಳಿಕೆಯೂ ವಿದ್ಯೆಯೇ ಎಂದು ಒಪ್ಪಿಕೊಂಡ ಸಂಸ್ಥೆ ನಮ್ಮ ಮಗ್ಗುಲಲ್ಲಿರುವುದು ಒಂದು ಪಾಠ. ಸೂಲಗಿತ್ತಿಯ ಕೈಗುಣವನ್ನು ಗೌರವಿಸುತ್ತಲೇ ಆಕೆಯ ಮೊಮ್ಮಗಳಿಗೆ ನರ್ಸಿಂಗ್ ಕಲಿಸುವುದು ಸಾಧ್ಯ, ಎರಡೂ ಬೇಕು.

ನಮ್ಮ ಮುಂದಿನ ಹೊಣೆ

ಕ್ರೈಸ್ತ ಶಾಲೆಯ ಫಲ ಬಹುಮಟ್ಟಿಗೆ ಶಿಕ್ಷಕರನ್ನೇ ಅವಲಂಬಿಸಿದೆ, ಆದುದರಿಂದ ಅವರನ್ನು ಬಹಳ ಎಚ್ಚರದಿಂದ ಸಿದ್ಧಪಡಿಸಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ತನ್ನ ಶಿಕ್ಷಣ ಘೋಷಣೆಯಲ್ಲಿ ಬೋಧಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಯೊಬ್ಬ ಶಿಕ್ಷಕನೂ ವರ್ಷಕ್ಕೆ 50 ಗಂಟೆಗಳಷ್ಟಾದರೂ ತನ್ನ ವೃತ್ತಿಯ ಕಲಿಕೆಯಲ್ಲಿ ತೊಡಗಬೇಕೆಂದು ಅಪೇಕ್ಷಿಸುತ್ತದೆ. ಒಮ್ಮೆ ಪಡೆದ ಪ್ರಮಾಣಪತ್ರ ಜೀವಮಾನಕ್ಕೆ ಸಾಲದೆಂಬುದು ಇಂದು ಎಲ್ಲರೂ ಒಪ್ಪಿದ ಮಾತು.

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಮ್ಮ ಮನೆಗಳ ಹೆಣ್ಣುಮಕ್ಕಳು ದಾದಿಯರಾಗಿ ದೂರದ ನಗರಗಳಿಗೂ ಕೊಲ್ಲಿ ದೇಶಗಳಿಗೂ ಹೋಗಿದ್ದಾರೆ. ಅವರು ಕಳುಹಿಸಿದ ಹಣದಿಂದ ಮನೆಗಳು ಎದ್ದಿವೆ, ತಮ್ಮಂದಿರು ಓದಿದ್ದಾರೆ. ಅದನ್ನು ದೂಷಿಸುವ ಅಧಿಕಾರ ನಮಗಿಲ್ಲ. ಆದರೆ ಹಳ್ಳಿಯಲ್ಲಿಯೇ ಉಳಿದು ಅಲ್ಪ ಸಂಬಳಕ್ಕೆ ಕಲಿಸುವ, ಶುಶ್ರೂಷೆ ಮಾಡುವ ತರುಣರಿಗೆ ನಾವು ಏನು ಕೊಟ್ಟಿದ್ದೇವೆ? ಗೋಪುರದ ಬಣ್ಣಕ್ಕೆ ಹಣ ಕೂಡಿಸುವಷ್ಟು ಉತ್ಸಾಹದಿಂದ ಒಬ್ಬ ಬಡ ಹುಡುಗಿಯ ತರಬೇತಿಗೆ ಹಣ ಕೂಡಿಸಿದ್ದೇವೆಯೇ? ಸಂನ್ಯಾಸದ ಕರೆಗಳು ವಿರಳವಾಗುತ್ತಿರುವ ಈ ದಿನಗಳಲ್ಲಿ ಧರ್ಮಭಗಿನಿಯರು ಹೊತ್ತ ಭಾರ ಗೃಹಸ್ಥರಾದ ನಮ್ಮ ಹೆಗಲಿಗೆ ಬರಲಿದೆ.

ಆದುದರಿಂದ ಶತಮಾನೋತ್ಸವದ ನೆನಪಿಗಾಗಿ ನಮ್ಮ ಧರ್ಮಕೇಂದ್ರವು ಒಂದು ಸಣ್ಣ ನಿಧಿಯನ್ನು ಕಟ್ಟಲೆಂದು ನಾವು ವಿನಯಪೂರ್ವಕವಾಗಿ ಸೂಚಿಸುತ್ತೇವೆ. ಜಾತಿಮತಗಳ ಭೇದವೆಣಿಸದೆ ವರ್ಷಕ್ಕೊಬ್ಬರು ಶಿಕ್ಷಕರನ್ನೋ ದಾದಿಯನ್ನೋ ಅದು ಓದಿಸಲಿ; ಓದಿದವರು ಕೆಲವು ವರ್ಷ ಈ ಸೀಮೆಯಲ್ಲಿಯೇ ದುಡಿಯಲಿ. ಹೆಸರಿಲ್ಲದೆ ಮಣ್ಣಾದ ಆ ಉಪದೇಶಿಗಳಿಗೆ, ಘಟ್ಟ ಹತ್ತಿ ಬಂದ ಆ ಭಗಿನಿಯರಿಗೆ ಇದಕ್ಕಿಂತ ತಕ್ಕ ಸ್ಮಾರಕವಿಲ್ಲ. ಪರಮ ಗುರುವೂ ಪರಮ ವೈದ್ಯರೂ ಆದ ಪ್ರಭುಕ್ರಿಸ್ತರು ನಮ್ಮ ಎರಡನೆಯ ಶತಮಾನದ ಈ ಮೊದಲ ಹೆಜ್ಜೆಯನ್ನು ಆಶೀರ್ವದಿಸಲಿ.